ತಿಮ್ಮಕ್ಕನ ಊಟ

ಶರಣ್ ಫೋನ್ ಮಾಡಿದಾಗ ಪ್ರತಿಭಾ ಮಲ್ಲೇಶ್ವರಂನ ತನ್ನ ಆಫೀಸಿನಲ್ಲಿ ಕೂತು ಯಾವುದೋ ಶಾಲೆಯವರ ಪರವಾಗಿ ವಿಷಾದ ಬರೆಯುತ್ತಿದ್ದಳು. ಇನ್ನೊಬ್ಬರ ವಿಷಾದವನ್ನು ಬರೆದುಕೊಡುವುದೇ ಅವಳ ಕಸುಬು. ಯಾರದಾದರೂ ಸಂಸ್ಥೆಯಲ್ಲಿ ಅನಾಹುತವಾಗಿ ಗೇಟಿನ ಮುಂದೆ ಟಿವಿ ವ್ಯಾನುಗಳು ಬಂದು ನಿಂತವೆಂದರೆ, ಒಳಗಿನವರು ಮೊದಲು ವಕೀಲರಿಗೆ, ಆಮೇಲೆ ಅವಳಿಗೆ ಫೋನ್ ಹಚ್ಚುತ್ತಿದ್ದರು. ಉರಿಯುವ ಮನೆಯಲ್ಲಿ ಗಳ ಹಿರಿಯುವ ಕೆಲಸ ಎಂದು ಆಗದವರು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರೂ ತಮ್ಮ ಮನೆಗೆ ಬೆಂಕಿ ಬಿದ್ದಾಗ ಅವಳ ನಂಬರನ್ನೇ ಹುಡುಕುತ್ತಿದ್ದರು.

"ಮೇಡಂ, ಒಂದ್ಸಲ ಮನೆಗೆ ಬರ್ಬೇಕು ನೀವು," ಎಂದ ಶರಣ್. "ಅಮ್ಮ ಇನ್ನೂ ಅದನ್ನೇ ಹೇಳ್ತಿದಾರೆ."

"ಯಾವುದನ್ನ?"

"ನೀವು ಹೇಳ್ಕೊಟ್ಟಿದ್ದನ್ನ."

ಪ್ರತಿಭಾ ಬರುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟಳು. ಚಾಮರಾಜಪೇಟೆಯ ಆ ಮನೆಗೆ ಮತ್ತೆ ಕಾಲಿಡಬಾರದು ಎಂದು ಅವಳು ಯಾರಿಗೂ ಹೇಳದೆ ನಿಶ್ಚಯಿಸಿಕೊಂಡಿದ್ದಳು. ಆದರೆ ಕರೆ ಬಂದ ಮೇಲೆ ಹೋಗದೆ ಇರಲು ಅವಳಿಗೆ ಧೈರ್ಯ ಸಾಲಲಿಲ್ಲ.

ಆಟೋದಲ್ಲಿ ಕೂತಾಗ ಎಲ್ಲ ಮತ್ತೆ ಕಣ್ಣ ಮುಂದೆ ಬಂತು. ಶರಣ್‌ನ ತಂದೆ ರೇವಣಸಿದ್ದಯ್ಯ ಅಕ್ಕಿಪೇಟೆಯಲ್ಲಿ ಅಕ್ಕಿ ಮಂಡಿ ಇಟ್ಟು ದುಡಿದವರು. ಆ ದುಡಿಮೆಯಲ್ಲೇ ಚಾಮರಾಜಪೇಟೆಯಲ್ಲಿ ಒಂದು ಛತ್ರ ಕಟ್ಟಿಸಿ, ಅದರ ಹಿಂದೆಯೇ ಮನೆ ಮಾಡಿಕೊಂಡಿದ್ದರು. ಅವರು ಶಿವೈಕ್ಯರಾದ ಮೇಲೆ ಛತ್ರ ಮಗ ಶರಣ್ ಕೈಗೆ ಬಂತು. ಆದರೆ ಬಂದವರು ನಮಸ್ಕಾರ ಮಾಡುತ್ತಿದ್ದುದು ಅವನ ತಾಯಿ ಶೈಲಜಮ್ಮನವರಿಗೆ. ಪೇಟೆಯ ಅರ್ಧ ಜನ ಅವರ ಕಣ್ಣೆದುರೇ ಮದುವೆಯಾದವರು.

ಈಚೆಗೆ ಒಂದು ಮದುವೆಯ ದಿನ, ಮುಹೂರ್ತದ ಊಟ ಮುಗಿದು ನೆಂಟರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಹೊತ್ತಿಗೆ, ಅಡುಗೆಮನೆಯ ಗ್ಯಾಸ್ ಪೈಪು ಕಳಚಿ ಬೆಂಕಿ ಹತ್ತಿಕೊಂಡಿತು. ಅಡುಗೆಯವರು ಹೊರಗೋಡಿದರು. ಹಿಂದಿನ ಕಟ್ಟೆಯ ಹತ್ತಿರ ಪಾತ್ರೆ ತೊಳೆಯುತ್ತಿದ್ದ ತಿಮ್ಮಕ್ಕನಿಗೆ ಓಡಲಾಗಲಿಲ್ಲ, ಅಲ್ಲೇ ತೀರಿಕೊಂಡಳು. ಅವಳು ಆ ಛತ್ರದಲ್ಲಿ ಪಾತ್ರೆ ತೊಳೆಯಲು ಬಂದಾಗ ಶರಣ್ ಇನ್ನೂ ಚಡ್ಡಿ ಹಾಕುತ್ತಿದ್ದ. ಯಾವ ಪುಸ್ತಕದಲ್ಲೂ ಅವಳ ಹೆಸರು ಬರೆದಿರಲಿಲ್ಲ. ಮನೆಯವಳ ಹೆಸರನ್ನು ಯಾರು ಬರೆದಿಡುತ್ತಾರೆ?

ಅವತ್ತು ತಾಯಿಯ ಎದುರಿಗೇ ಬೆವರು ಒರೆಸಿಕೊಳ್ಳುತ್ತಾ ಶರಣ್ ಪ್ರತಿಭಾಳಿಗೆ ಇನ್ನೊಂದು ಮಾತನ್ನೂ ಹೇಳಿದ್ದ. "ಹೋದ ವಾರ ಅವ್ಳೇ ಹೇಳಿದ್ಲು ಮೇಡಂ, ಪೈಪು ಬುಸ್ ಅಂತದೆ ಸ್ವಾಮಿ, ಯಾರ್ನಾದ್ರೂ ಕರ್ಸಿ ಅಂತ. ಈ ಮದುವೆ ಒಂದು ಮುಗೀಲಿ ಅಂದ್ಬಿಟ್ಟೆ. ಇದು ಹೊರಗೆ ಗೊತ್ತಾದ್ರೆ ನಾನು ಜೈಲಿಗೇ ಹೋಗೋದು."

ಗೊತ್ತಾಗಬೇಕಿಲ್ಲ ಎಂದಿದ್ದಳು ಪ್ರತಿಭಾ. ಅವಳ ಕಸುಬಿಗೆ ಅದರದೇ ನೇಮಗಳಿದ್ದವು. ಮನೆಯಿಂದ ಒಂದೇ ಬಾಯಿ ಮಾತಾಡಬೇಕು, ಆ ಬಾಯಿ ಒಂದೇ ಮಾತಾಡಬೇಕು. ಕುಂಬಳಕಾಯಿ ಕಳ್ಳ ಎಂದು ಯಾರಾದರೂ ಕೂಗಿದರೆ ಹೆಗಲು ಮುಟ್ಟಿ ನೋಡಿಕೊಳ್ಳಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಸತ್ತವರ ಹೆಸರು ಹೇಳಬಾರದು. ಹೆಸರು ಹೇಳಿದರೆ ಅದಕ್ಕೊಂದು ಮುಖ ಬರುತ್ತದೆ, ಮುಖದ ಹಿಂದೆ ಒಂದು ಮನೆ ಬರುತ್ತದೆ, ಮನೆಯೊಳಗಿಂದ ಅಳುವವರು ಬರುತ್ತಾರೆ. ಆಮೇಲೆ ಯಾವ ದೇವರಿಂದಲೂ ಟಿವಿಯನ್ನು ನಿಲ್ಲಿಸಲಾಗುವುದಿಲ್ಲ.

ಮಾತಾಡುವ ಬಾಯಿ ಶೈಲಜಮ್ಮನವರದೇ ಆಗಲಿ ಎಂದು ಆರಿಸಿದವಳೂ ಅವಳೇ. ಶರಣ್‌ನ ಮುಖದಲ್ಲಿ ತಪ್ಪು ಎದ್ದು ಕಾಣುತ್ತಿತ್ತು. ಹಣೆಯ ತುಂಬ ವಿಭೂತಿ ಧರಿಸಿದ ಮುದುಕಿ ಸುಳ್ಳು ಹೇಳುತ್ತಾಳೆಂದು ಯಾರು ತಾನೆ ನಂಬುತ್ತಾರೆ? "ವಿಭೂತಿ ಇನ್ನೂ ಸ್ವಲ್ಪ ದಪ್ಪಗೆ ಹಚ್ಕೊಳ್ಳಿ ಅಮ್ಮ, ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣ್ಲಿ," ಎಂದು ಹೇಳಿದ ಆ ಮಾತು ನೆನಪಾದರೆ ಈಗಲೂ ಅವಳಿಗೆ ತನ್ನ ನಾಲಿಗೆಯ ಮೇಲೇ ಅಸಹ್ಯವಾಗುತ್ತಿತ್ತು.

ಹೇಳಬೇಕಾದ ಮಾತನ್ನು ಅವಳೇ ಕಟ್ಟಿದಳು: "ಆ ಹೆಂಗಸು ಯಾರೋ ನಮಗೆ ಗೊತ್ತಿಲ್ಲ. ಕೇಳದೆ ಒಳಗೆ ಬಂದಿದ್ರು. ದೇವರು ಅವರ ಆತ್ಮಕ್ಕೆ ಶಾಂತಿ ಕೊಡಲಿ." ದೇವರ ಮನೆಯ ಮುಂದಿನ ಹಜಾರದಲ್ಲಿ ಶೈಲಜಮ್ಮನವರನ್ನು ಕೂರಿಸಿ, ಸ್ಟೀಲ್ ಲೋಟವನ್ನೇ ಮೈಕಿನಂತೆ ಅವರ ಬಾಯಿಗೆ ಹಿಡಿದು, ತಾನೇ ವರದಿಗಾರಳಾಗಿ ಪ್ರಶ್ನೆ ಹಾಕಿದಳು. ಮೊದಮೊದಲು ಅವರು ಅತ್ತರು. "ತಿಮ್ಮಕ್ಕ ಕಣಮ್ಮ ಅವಳು. ನನ್ನ ತಿಮ್ಮಕ್ಕ. ಯಾರೋ ಅಂತ ಹೆಂಗೆ ಅನ್ಲಿ?" ಎಂದರು. ಶರಣ್ ತಾಯಿಯ ಕಾಲ ಬಳಿ ಕೂತು ಬಿಕ್ಕಿದ. ಒಬ್ಬನೇ ಮಗ. ಅವರು ಕಣ್ಣೊರೆಸಿಕೊಂಡು ಮತ್ತೆ ಶುರು ಮಾಡಿದರು. ತಪ್ಪಿದಾಗೆಲ್ಲ ಪ್ರತಿಭಾ, "ಇನ್ನೊಂದ್ಸಲ ಅಮ್ಮ," ಎನ್ನುತ್ತಿದ್ದಳು. ಕೊನೆಗೆ ಪ್ರಶ್ನೆ ಮುಗಿಯುವ ಮೊದಲೇ ಬಾಯಿ ತಾನಾಗಿಯೇ ಉತ್ತರ ಕೊಡಲು ಕಲಿಯಿತು.

ಗೇಟಿನ ಹತ್ತಿರ ಅವತ್ತು ಅಷ್ಟು ಕ್ಯಾಮೆರಾಗಳು. ಶೈಲಜಮ್ಮ ಒಂದು ಅಕ್ಷರವೂ ತಪ್ಪದೆ ಹೇಳಿ ಮುಗಿಸುವಷ್ಟರಲ್ಲಿ ಗುಂಪನ್ನು ತಳ್ಳಿಕೊಂಡು ಒಬ್ಬ ಹುಡುಗಿ ಮುಂದೆ ಬಂದಳು. ತಿಮ್ಮಕ್ಕನ ಮಗಳು ತೇಜಶ್ರೀ. ಅದೇ ಛತ್ರದ ಊಟ ಉಂಡು, ಅದೇ ಶೈಲಜಮ್ಮ ಕೊಡಿಸಿದ ಯೂನಿಫಾರಂ ಹಾಕಿಕೊಂಡು ಶಾಲೆಗೆ ಹೋದವಳು. ಅವಳ ಕೈಯಲ್ಲಿ ತಾಯಿಯ ಫೋಟೋ ಇತ್ತು. ಕಣ್ಣು ಅರ್ಧ ಮುಚ್ಚಿಕೊಂಡಾಗ ತೆಗೆದದ್ದು.

"ಅಮ್ಮಾವ್ರೇ, ನೀವಾದ್ರೂ ಹೇಳಿ. ನಮ್ಮಮ್ಮ ಯಾರು ಅಂತ ಇವರಿಗೆ ಹೇಳಿ."

ಶೈಲಜಮ್ಮ ಆ ಫೋಟೋವನ್ನು ನೋಡಿದರು. ಆಮೇಲೆ ಹುಡುಗಿಯನ್ನು ನೋಡಿದರು. "ಆ ಹೆಂಗಸು ಯಾರೋ ನಮಗೆ ಗೊತ್ತಿಲ್ಲ," ಎಂದರು.

ಕ್ಯಾಮೆರಾಗಳ ಹಿಂದೆ ನಿಂತಿದ್ದ ಪ್ರತಿಭಾಳಿಗೆ ಆ ಗಳಿಗೆಯಲ್ಲಿ ಹೆಮ್ಮೆಯೇ ಆಗಿತ್ತು. ದನಿ ಸ್ವಲ್ಪವೂ ನಡುಗಲಿಲ್ಲವಲ್ಲ ಎಂದುಕೊಂಡಿದ್ದಳು. ಅದು ಸುಳ್ಳಲ್ಲ, ಹೆಮ್ಮೆಯೇ. ಸಂಜೆಗೆ ಚಕ್ರಪಾಣಿಯ ಚಾನೆಲ್ಲಿನಲ್ಲಿ ಪರದೆಯ ಕೆಳಗೆ ಕೆಂಪು ಅಕ್ಷರ ಓಡತೊಡಗಿತು: ಊಟ ಕದಿಯಲು ಬಂದಿದ್ದಳೇ ಅಪರಿಚಿತ ಮಹಿಳೆ? ಚಕ್ರಪಾಣಿ ಅವಳ ಹಳೆಯ ಪರಿಚಯದ ವರದಿಗಾರ. ಕಳ್ಳಿ ಎಂಬ ಮಾತನ್ನು ಅವಳು ಅವನಿಗೆ ಹೇಳಿರಲಿಲ್ಲ. ಕೇಳದೆ ಒಳಗೆ ಬಂದಿದ್ದಳು ಎಂದು ಹೇಳಿದ್ದಳು, ಅಷ್ಟೇ. ಉಳಿದದ್ದನ್ನು ಊರೇ ಸೇರಿಸಿಕೊಂಡಿತು. ಪೊಲೀಸರೂ ಅದನ್ನೇ ಬರೆದುಕೊಂಡರು. ಮದುವೆಮನೆಯ ಎಂಜಲು ತೊಳೆದೇ ಬದುಕಿದವಳು ಊಟ ಕದಿಯಲು ಬಂದವಳಾಗಿ ಸತ್ತಳು.

ಆಮೇಲಿಂದ ಪ್ರತಿಭಾಳಿಗೆ ಆ ಮುಖ ಎಲ್ಲೆಲ್ಲೂ ಕಾಣತೊಡಗಿತ್ತು. ಬೆಳಿಗ್ಗೆ ಎಂಟನೇ ಕ್ರಾಸಿನಲ್ಲಿ ಬಾಗಿಲಿಗೆ ನೀರು ಹಾಕುವ ಹೆಂಗಸರು ತಲೆ ಎತ್ತಿದರೆ ಅದೇ ಅರ್ಧ ಮುಚ್ಚಿದ ಕಣ್ಣು. ಸಂಪಿಗೆ ರಸ್ತೆಯ ಮೆಟ್ರೋದಲ್ಲಿ ಎದುರಿಗೆ ಕೂತು ತೂಕಡಿಸುವವಳದೂ ಅದೇ. ಯಾರದೋ ಮುಖ ಯಾರಿಗೂ ಕಾಣದಂತೆ ಮಾಡಲು ಹೊರಟವಳಿಗೆ ಈಗ ಅದೊಂದೇ ಮುಖ ಉಳಿದಿತ್ತು.

ಶರಣ್ ಗೇಟಿನಲ್ಲೇ ಕಾಯುತ್ತಿದ್ದ. ಮುಖ ಇಳಿದುಹೋಗಿತ್ತು.

"ಡಾಕ್ಟರು ಸ್ಕ್ಯಾನ್ ಎಲ್ಲ ಮಾಡ್ಸಿದ್ರು ಮೇಡಂ. ತಲೇಲಿ ಏನೂ ತೊಂದ್ರೆ ಇಲ್ವಂತೆ. ಮೊದ್ಲು ಹಾಲಿನವನಿಗೆ ಹೇಳಿದ್ರು, ನೀವು ಯಾರೋ ನಮಗೆ ಗೊತ್ತಿಲ್ಲ ಅಂತ. ನಾವು ನಕ್ಬಿಟ್ವಿ. ಆಮೇಲೆ ನಮ್ಮ ಮಠದ ಅಯ್ಯನೋರು ಬಂದಾಗ್ಲೂ ಅದೇ. ನಿನ್ನೆ ನಾನು ಊಟಕ್ಕೆ ಕರೆಯೋಕ್ ಹೋದೆ. ನನ್ನನ್ನೇ, ನೀವು ಯಾರೋ ನಮಗೆ ಗೊತ್ತಿಲ್ಲಪ್ಪ, ದೇವರು ನಿಮ್ಮ ಆತ್ಮಕ್ಕೆ ಶಾಂತಿ ಕೊಡಲಿ ಅಂದ್ಬಿಟ್ರು." ಅವನು ಮನೆಯ ಕಡೆ ಕೈ ತೋರಿಸಿದ. "ಬದುಕಿರೋ ಮಗನಿಗೆ ಹೇಳೋ ಮಾತಾ ಇದು?"

ಶೈಲಜಮ್ಮ ಹಜಾರದಲ್ಲಿ, ಅವತ್ತು ಕೂತಿದ್ದ ಅದೇ ಕುರ್ಚಿಯಲ್ಲಿ ಕೂತಿದ್ದರು. ಹಣೆ ಬರಿದಾಗಿತ್ತು. ವಿಭೂತಿಯಿಲ್ಲದ ಆ ಹಣೆಯನ್ನು ನೋಡಿ ಪ್ರತಿಭಾಳಿಗೆ, ಒಳಗೆ ಯಾರೋ ತೀರಿಕೊಂಡ ಮನೆಗೆ ಬಂದಂತಾಯಿತು.

"ಅಮ್ಮ, ನಾನು ಪ್ರತಿಭಾ. ನೆನಪಿದೀನಾ?"

ಅವರು ಅವಳನ್ನು ಚೆನ್ನಾಗಿಯೇ ನೋಡಿದರು. ನೋಟದಲ್ಲಿ ಮರೆವು ಇರಲಿಲ್ಲ. "ನೀವು ಯಾರೋ ನಮಗೆ ಗೊತ್ತಿಲ್ಲ," ಎಂದರು. ಹೇಳಿಕೊಟ್ಟ ದನಿ, ಹೇಳಿಕೊಟ್ಟ ನಿಲುಗಡೆ, ಎಲ್ಲ ಹಾಗೆಯೇ ಇತ್ತು.

ಶರಣ್ ಅವಳನ್ನು ಪಕ್ಕಕ್ಕೆ ಕರೆದ. "ಇದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದಿದೆ ಮೇಡಂ. ಮೊದ್ಲಿಂದ್ಲೂ ಒಂದು ಪದ್ಧತಿ ನಮ್ಮಲ್ಲಿ. ಎಲ್ಲರ ಊಟ ಮುಗಿದ್ಮೇಲೆ ಅಮ್ಮ ಅಡುಗೆಮನೆ ಬಾಗಿಲಿಗೆ ಹೋಗಿ, ತಿಮ್ಮಕ್ಕ ಊಟ ಆಯ್ತಾ ಅಂತ ಕೇಳೋರು. ಅವ್ಳು ಒಳಗಿಂದ, ಆಯ್ತು ಕಣವ್ವ ಅನ್ನೋಳು. ಆಮೇಲೇ ಬೀಗ. ಅವ್ಳು ಉಣ್ಣದೆ ಬೀಗ ಹಾಕಿದ್ದೇ ಇಲ್ಲ. ಈಗ ಛತ್ರದಲ್ಲಿ ಮದುವೆ ಇಲ್ದಿದ್ರೂ ದಿನಾ ಮಧ್ಯಾಹ್ನ ಹೋಗಿ ಕೇಳ್ತಾರೆ. ಉತ್ತರ ಬರೋ ತನಕ ಬಾಗಿಲಲ್ಲೇ ನಿಲ್ತಾರೆ. ಬೀಗ ಹಾಕೋಕೆ ಬಿಡಲ್ಲ, ಒಲೆ ಹಚ್ಚೋಕೆ ಬಿಡಲ್ಲ. ಮುಂದಿನ ವಾರ ಛತ್ರ ಮತ್ತೆ ಶುರು ಆಗ್ಬೇಕು."

"ಅದಕ್ಕೆ ನಾನೇನು ಮಾಡ್ಲಿ?"

ಅವನು ನೆಲ ನೋಡಿದ. "ನೀವು ಒಳಗೆ ನಿಂತು ಒಂದು ಮಾತು ಹೇಳ್ಬಿಡಿ. ಆಯ್ತು ಕಣವ್ವ ಅಂತ. ಅಷ್ಟೇ. ನಮ್ಮ ದನಿ ಅವರಿಗೆ ಗೊತ್ತಾಗತ್ತೆ. ನೀವಾದ್ರೆ ಗೊತ್ತಾಗಲ್ಲ. ಒಂದ್ಸಲ ಸಮಾಧಾನ ಆದ್ರೆ ಎಲ್ಲ ಸರಿಹೋಗತ್ತೆ."

ಬೇಡ ಎನ್ನಬೇಕಿತ್ತು. ಆದರೆ ಎಷ್ಟೋ ವರ್ಷಗಳಿಂದ ಬದುಕಿರುವವರ ಬಾಯಿಗೆ ಮಾತು ಹಾಕಿ ಹಾಕಿ ಅವಳಿಗೆ ರೂಢಿಯಾಗಿತ್ತು. ಒಂದೇ ಮಾತಿನಿಂದ ಎಲ್ಲ ತಣ್ಣಗಾಗುತ್ತದೆ ಎಂಬ ಆಸೆ ಅವಳ ರಕ್ತದಲ್ಲೇ ಸೇರಿಹೋಗಿತ್ತು. ತನಗೂ ಆ ಮುಖದಿಂದ ಬಿಡುಗಡೆಯಾದೀತು ಎಂಬ ಸ್ವಾರ್ಥವೂ ಇತ್ತು. ಅವಳು ಹಿಂದಿನ ಬಾಗಿಲಿನಿಂದ ಛತ್ರದ ಅಡುಗೆಮನೆಗೆ ಹೋದಳು.

ಗೋಡೆಗೆ ಹೊಸ ಸುಣ್ಣ ಬಳಿದಿದ್ದರು. ಅದರೊಳಗಿಂದ ಮಸಿ ಮತ್ತೆ ಮೇಲೆದ್ದು ಬರುತ್ತಿತ್ತು. ಒಲೆಗಳೆಲ್ಲ ಹೊಸವು. ಪಾತ್ರೆ ತೊಳೆಯುವ ಕಟ್ಟೆ ಮಾತ್ರ ಹಳೆಯದು, ಒಂದು ಕಡೆ ಸೀಳಿತ್ತು. ಮಟಮಟ ಮಧ್ಯಾಹ್ನವಾದರೂ ಆ ಮೂಲೆಯಲ್ಲಿ ಬೆಳಕಿರಲಿಲ್ಲ. ಸುಣ್ಣದ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಅದೇನೆಂದು ಯೋಚಿಸಲು ಅವಳಿಗೆ ಧೈರ್ಯವಾಗಲಿಲ್ಲ. ಯಾರೋ ಆಗಷ್ಟೇ ಕೈ ಒರೆಸಿಕೊಂಡು ಎದ್ದು ಹೋದಂತೆ ಕಟ್ಟೆಯ ಅಂಚು ಒದ್ದೆಯಾಗಿತ್ತು. ನಲ್ಲಿ ಸೋರುತ್ತಿರಬೇಕು ಎಂದುಕೊಂಡು ನೋಡಿದಳು. ನಲ್ಲಿ ಸೋರುತ್ತಿರಲಿಲ್ಲ.

ಬಾಗಿಲ ಆಚೆ ಹೆಜ್ಜೆ ಸಪ್ಪಳವಾಯಿತು.

"ತಿಮ್ಮಕ್ಕ, ಊಟ ಆಯ್ತಾ?"

ಆ ದನಿ ಹಜಾರದಲ್ಲಿ ಕೇಳಿದ್ದಲ್ಲ. ಇದರಲ್ಲಿ ಸಲಿಗೆ ಇತ್ತು, ದಣಿವು ಇತ್ತು, ಎಷ್ಟೋ ಮದುವೆಗಳ ಸಂಜೆ ಇಬ್ಬರು ಹೆಂಗಸರು ಜೊತೆಗೆ ಸೊಂಟ ಹಿಡಿದುಕೊಂಡು ಕೂತದ್ದಿತ್ತು.

"ತಿಮ್ಮಕ್ಕ? ಊಟ ಆಯ್ತೇನೇ?"

"ಆಯ್ತು ಕಣವ್ವ," ಎಂದಳು ಪ್ರತಿಭಾ.

ಆ ಮಾತು ತನ್ನ ಬಾಯಿಂದ ಬಂತೋ, ಹಿಂದಿನ ಕಟ್ಟೆಯ ಕಡೆಯಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಆಮೇಲೆ ಬಾಗಿಲು ತೆರೆದು ಶೈಲಜಮ್ಮ ಒಳಗೆ ಬಂದರು. ಅವಳತ್ತ ನೋಡದೆ ನೇರವಾಗಿ ಕಟ್ಟೆಯ ಪಕ್ಕದ ಗೂಡಿನ ಹತ್ತಿರ ಹೋದರು. ಅಲ್ಲಿ ಒಂದು ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಟ್ಟಿತ್ತು. ಪ್ರತಿಭಾ ಅದನ್ನು ಗಮನಿಸಿರಲಿಲ್ಲ. ಅವರು ಮೇಲಿನ ತಟ್ಟೆ ತೆಗೆದರು. ಅನ್ನ, ಸಾರು, ಹುಳಿ, ಒಂದು ಚಮಚ ಪಾಯಸ. ಅವರು ಬಡಿಸಿಟ್ಟದ್ದು ಬಡಿಸಿಟ್ಟಂತೆಯೇ ಇತ್ತು. ಕಟ್ಟೆಯ ಅಂಚನ್ನೂ ಅವರೇ ತೊಳೆದು ಹೋಗಿದ್ದರೆಂದು ಆಗ ಅವಳಿಗೆ ಹೊಳೆಯಿತು.

"ಉಣ್ಣದೆ ಉಂಡೆ ಅಂತ ನನ್ನ ತಿಮ್ಮಕ್ಕ ಒಂದು ದಿನಾನೂ ಸುಳ್ಳು ಹೇಳಿದವಳಲ್ಲ," ಎಂದರು ಶೈಲಜಮ್ಮ. ಮೆಲ್ಲಗೆ ತಿರುಗಿದರು. "ನೀನು ಯಾರು?"

ಪ್ರತಿಭಾಳ ಬಳಿ ಹತ್ತಾರು ಉತ್ತರಗಳಿದ್ದವು. ಅವೆಲ್ಲ ಅವಳ ಆಫೀಸಿನಲ್ಲಿ ಉಳಿದುಹೋಗಿದ್ದವು. "ತಿಮ್ಮಕ್ಕ ಊಟ ಮಾಡ್ಲಿಲ್ಲ ಅಮ್ಮ," ಎಂದಳು. ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಅವತ್ತೂ ಮಾಡಿರ್ಲಿಲ್ಲ. ಎಲ್ಲರ ಪಾತ್ರೆ ತೊಳೆದು ಆಮೇಲೆ ಉಣ್ಣೋಣ ಅಂತ ಇದ್ಲು. ಹಸಿದುಕೊಂಡೇ ಹೋದ್ಲು. ನಾನು ಅವಳನ್ನ ಊಟ ಕದಿಯೋಕೆ ಬಂದೋಳು ಅಂತ ಮಾಡ್ಬಿಟ್ಟೆ."

ಶೈಲಜಮ್ಮ ಕಟ್ಟೆಯ ಮೇಲೆ ಕೂತರು.

"ನನ್ನ ತಲೆ ಕೆಟ್ಟಿಲ್ಲ ಕಣಮ್ಮ. ಶರಣಂಗೆ ಹೇಳು. ಅವಳನ್ನೇ ಗೊತ್ತಿಲ್ಲ ಅಂದ್ಮೇಲೆ ಇನ್ಯಾರನ್ನ ಗೊತ್ತು ಅನ್ಲಿ? ಮಗ ಅನ್ನೋಕೆ ಹೋದ್ರೆ ಬಾಯಿಗೆ ಅದೇ ಬರ್ತದೆ. ಲಿಂಗ ಕೈಗೆ ತಗೊಂಡ್ರೆ, ಶಿವಾ ಅನ್ನೋಕೂ ನಾಚಿಕೆ. ಆ ಮಗು ಫೋಟೋ ಹಿಡ್ಕೊಂಡು ನಿಂತಿತ್ತಲ್ಲ. ನಾನು ಅದರ ಕಣ್ಣು ನೋಡಿನೇ ಹೇಳ್ದೆ." ಅವರು ಸೆರಗಿನಿಂದ ಬಾಯಿ ಒತ್ತಿಕೊಂಡರು. ಅಳು ಬರಲಿಲ್ಲ.

ಪ್ರತಿಭಾ ಅಲ್ಲೇ ನಿಂತು ಚಕ್ರಪಾಣಿಗೆ ಫೋನ್ ಮಾಡಿದಳು. ಸತ್ತವಳ ಹೆಸರು ತಿಮ್ಮಕ್ಕ, ಛತ್ರದವಳೇ, ಕಳ್ಳಿಯಲ್ಲ, ಇದನ್ನು ಹೇಳಲು ಶೈಲಜಮ್ಮನವರು ಸಿದ್ಧರಿದ್ದಾರೆ, ಇವತ್ತೇ ಹಾಕಬೇಕು ಎಂದಳು.

"ಅಯ್ಯೋ ಮೇಡಂ, ಆ ಸ್ಟೋರಿ ಸತ್ತು ಎಷ್ಟು ದಿನ ಆಯ್ತು," ಎಂದು ಅವನು ನಕ್ಕ. "ನೀವೇ ಹೇಳಿದ್ರಲ್ಲ, ಸುದ್ದಿ ಸಾಯೋ ತನಕ ಬಾಯಿ ಮುಚ್ಕೊಂಡಿರ್ಬೇಕು ಅಂತ. ಈಗ ಯಾಕೆ ಎಬ್ಬಿಸ್ತೀರಿ?"

ಅವಳು ಎಲ್ಲರಿಗೂ ಹೇಳಿಕೊಡುತ್ತಿದ್ದ ಮಾತೇ ಅದು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಅವಳಿಗೆ ಮುಖವಿರಲಿಲ್ಲ.

ಅಷ್ಟರಲ್ಲಿ ಶೈಲಜಮ್ಮ ಎದ್ದು, ತಟ್ಟೆಯಲ್ಲಿದ್ದುದನ್ನು ಒಂದೊಂದಾಗಿ ಕ್ಯಾರಿಯರಿಗೆ ತುಂಬಿಕೊಂಡಿದ್ದರು. "ಓಕಳಿಪುರಕ್ಕೆ, ಆ ಮಗು ಮನೆಗೆ ಹೋಗೋಣ ನಡಿ," ಎಂದರು. ಶರಣ್ ಬಾಗಿಲಿಗೆ ಅಡ್ಡ ನಿಂತ. "ಅಮ್ಮ, ನನ್ನ ಗತಿ ಏನು? ಕೇಸ್ ಮತ್ತೆ ಓಪನ್ ಮಾಡ್ತಾರೆ," ಎಂದ. ತಾಯಿ ಅವನನ್ನು ನೋಡಿದರು. ಅವನು ಇನ್ನೊಮ್ಮೆ ಆ ಮಾತು ಬರುತ್ತದೆಂದು ಹೆದರಿ ಕಣ್ಣು ಮುಚ್ಚಿಕೊಂಡ.

"ಪೈಪು ರಿಪೇರಿ ಮಾಡ್ಸು ಅಂದಿದ್ಲಂತಲ್ಲೋ," ಎಂದರು ಅವರು, ಅಷ್ಟೇ. ಶರಣ್ ಬಾಗಿಲು ಬಿಟ್ಟು ಸರಿದ.

ರೈಲು ಹಳಿಗಳ ಪಕ್ಕದ ಆ ಓಣಿಯಲ್ಲಿ ಆಟೋ ಒಳಗೆ ಹೋಗುವುದಿಲ್ಲ. ಶೈಲಜಮ್ಮ ಕ್ಯಾರಿಯರನ್ನು ಪ್ರತಿಭಾಳ ಕೈಗೂ ಕೊಡದೆ ನಡೆದರು. ತೇಜಶ್ರೀಯ ಮನೆ ಕೊನೆಯದು. ಬಾಗಿಲ ಮೇಲೆ ಒಣಗಿದ ಮಾವಿನ ತೋರಣ ಹಾಗೇ ಇತ್ತು. ಅದನ್ನು ಕಟ್ಟಿದವಳು ತಿಮ್ಮಕ್ಕನೇ ಇರಬೇಕು. ಬಾಗಿಲು ತಟ್ಟಿದಾಗ ಹುಡುಗಿಯೇ ತೆರೆದಳು. ಹಿಂದಿನ ಗೋಡೆಯಲ್ಲಿ ಹೂ ಹಾಕಿದ ಅದೇ ಫೋಟೋ, ಅದೇ ಅರ್ಧ ಮುಚ್ಚಿದ ಕಣ್ಣು, ಪ್ರತಿಭಾಳನ್ನೇ ನೋಡುತ್ತಿತ್ತು.

"ತೇಜೂ," ಎಂದರು ಶೈಲಜಮ್ಮ.

ಹುಡುಗಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬರಿದಾದ ಹಣೆಯನ್ನೂ ನೋಡಿದಳು. ದನಿ ಸ್ವಲ್ಪವೂ ನಡುಗಲಿಲ್ಲ.

"ನೀವು ಯಾರೋ ನಮಗೆ ಗೊತ್ತಿಲ್ಲ," ಎಂದಳು. ಬಾಗಿಲು ಹಾಕಿಕೊಂಡಳು.

ಓಣಿಯ ಜನ ಆಗಲೇ ಹೊಸ್ತಿಲುಗಳಿಗೆ ಬಂದಿದ್ದರು. ಯಾರೋ ಅವರನ್ನು ಗುರುತಿಸಿ, ಟಿವಿಯಮ್ಮ ಎಂದರು. ಒಂದೊಂದೇ ಮೊಬೈಲ್ ಮೇಲೆದ್ದಿತು. ರೂಢಿಯಂತೆ ಪ್ರತಿಭಾಳ ಅಂಗೈ ಕ್ಯಾಮೆರಾಗಳಿಗೆ ಅಡ್ಡ ಬಂತು. ಅವಳು ಅದನ್ನು ಕೆಳಗಿಳಿಸಿದಳು.

ಶೈಲಜಮ್ಮ ಮುಚ್ಚಿದ ಬಾಗಿಲಿಗೆ ಬೆನ್ನು ಮಾಡಿ ಓಣಿಗೆ ಮುಖ ಮಾಡಿ ನಿಂತರು. "ತಿಮ್ಮಕ್ಕ ನಮ್ಮನೆಯವಳು," ಎಂದರು. ಈ ಮಾತನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಾತು ತಡವರಿಸಿತು, ಅರ್ಧಕ್ಕೆ ನಿಂತಿತು, ಮತ್ತೆ ಶುರುವಾಯಿತು. "ಪಾತ್ರೆ ತೊಳೀತಿದ್ಲು. ಪೈಪು ಸರಿಯಿಲ್ಲ ಅಂತ ಹೇಳಿದ್ಲು, ನನ್ನ ಮಗ ಕೇಳ್ಲಿಲ್ಲ. ಅವಳು ಕದಿಯೋಕೆ ಬಂದವಳಲ್ಲ. ಅವಳು ಅವತ್ತು ಊಟಾನೇ ಮಾಡಿರ್ಲಿಲ್ಲ. ನಾನು ಸುಳ್ಳು ಹೇಳ್ದೆ. ವಿಭೂತಿ ಹಚ್ಕೊಂಡು ಸುಳ್ಳು ಹೇಳ್ದೆ. ನಾಳೆ ಸ್ಟೇಷನ್‌ಗೂ ಹೋಗಿ ಹೇಳ್ತೀನಿ."

ಬಾಗಿಲು ತೆರೆಯಲಿಲ್ಲ. ಆದರೆ ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದಗಳ ನೆರಳು ಇತ್ತು. ಹುಡುಗಿ ಬಾಗಿಲಿಗೇ ಒರಗಿ ನಿಂತಿದ್ದಳು.

ಶೈಲಜಮ್ಮ ಮೆಟ್ಟಿಲ ಮೇಲೆ ಕೂತರು. ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲಿಗೆ ಬಾಯಿ ಹತ್ತಿರ ತಂದು ಕೇಳಿದರು.

"ತೇಜೂ, ಊಟ ಆಯ್ತಾ ಕಂದ?"

ಹಳಿಯ ಮೇಲೆ ರೈಲೊಂದು ಬಂದು, ಓಣಿಯನ್ನೆಲ್ಲ ನಡುಗಿಸಿ ಹೋಯಿತು. ಅದು ಹೋದ ಮೇಲೂ ಉತ್ತರ ಬರಲಿಲ್ಲ. ಈ ಪ್ರಶ್ನೆಗೆ ಏನು ಉತ್ತರ ಬಂದರೆ ಮುದುಕಿ ಎದ್ದು ಮನೆಗೆ ಹೋಗುತ್ತಾರೆಂದು ಪ್ರತಿಭಾಳಿಗೆ ಗೊತ್ತಿತ್ತು. ಈ ಸಲ ಅವಳು ಆ ಉತ್ತರವನ್ನು ತಾನು ಹೇಳದೆ ಅವರ ಪಕ್ಕದಲ್ಲಿ ಕೂತಳು. ಬಾಗಿಲ ಸಂದಿಯ ನೆರಳು ಅಲ್ಲೇ ಇತ್ತು. ಶೈಲಜಮ್ಮ ಮತ್ತೆ ಕೇಳಿದರು.